ಮೈ ಮಿಸ್ಟರ್ ಕೊರಿಯನ್ ಡ್ರಾಮಾ: ಪಾತ್ರಗಳ ಮನಸ್ಸು ಮತ್ತು ನಟನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಡ್ರಾಮಾ ನೋಡಿ ಮುಗಿಸಿದವರು ಸಾಮಾನ್ಯವಾಗಿ ಒಂದಷ್ಟು ಪ್ರಶ್ನೆ ಹೊತ್ತುಕೊಂಡು ಬರುತ್ತಾರೆ. ಅವನು ಯಾಕೆ ಸುಮ್ಮನಿದ್ದ, ಅವಳು ಯಾಕೆ ಹಾಗೆ ಮಾಡಿದಳು, ಇದರಲ್ಲಿ ಅಷ್ಟು ಹೊಗಳುವಂಥ ನಟನೆ ಎಲ್ಲಿದೆ, ಹೀಗೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕಥೆಯ ಕೊನೆಯೂ ಇಲ್ಲೇ ಇದೆ. ಇನ್ನೂ ನೋಡಿಲ್ಲದವರು ಮೊದಲೆರಡು ಉತ್ತರ ಓದಿ, ಡ್ರಾಮಾ ನೋಡಿ, ಆಮೇಲೆ ಬನ್ನಿ.

ಇದು ಯಾವ ಡ್ರಾಮಾ? ಯಾರು ಮಾಡಿದ್ದು?

2018ರ ಮಾರ್ಚ್‌ನಿಂದ ಮೇವರೆಗೆ ಕೊರಿಯಾದ ಟಿವಿಎನ್ ಚಾನೆಲ್‌ನಲ್ಲಿ ಬಂದದ್ದು. ಒಟ್ಟು 16 ಎಪಿಸೋಡ್. ನಿರ್ದೇಶಕ ಕಿಮ್ ವೊನ್-ಸೊಕ್, ಬರೆದವರು ಪಾರ್ಕ್ ಹೇ-ಯಂಗ್. ನಡುವಯಸ್ಸಿನ ಎಂಜಿನಿಯರ್ ಪಾರ್ಕ್ ಡೊಂಗ್‌ಹೂನ್ ಪಾತ್ರ ಲೀ ಸನ್-ಕ್ಯುನ್ ಅವರದು. ಅವನ ಆಫೀಸಿನಲ್ಲಿ ಟೆಂಪರರಿ ಕೆಲಸಕ್ಕಿರುವ 21 ವರ್ಷದ ಹುಡುಗಿ ಲೀ ಜಿಯಾನ್ ಪಾತ್ರ ಮಾಡಿದ್ದು ಐಯು.

ಕಥೆ ಎರಡು ಮಾತಿನಲ್ಲಿ?

ಜಿಯಾನ್‌ಗೆ ಸಾಲವಿದೆ. ಮಾತು ಬಾರದ, ಕಿವಿ ಕೇಳದ ಅಜ್ಜಿಯನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ. ಕಂಪನಿಯ ಮುಖ್ಯಸ್ಥ ದೊ ಜುನ್‌ಯಂಗ್‌ಗೆ ಇಬ್ಬರು ಉದ್ಯೋಗಿಗಳನ್ನು ಹೊರಹಾಕಬೇಕಿದೆ. ಅವರಲ್ಲಿ ಡೊಂಗ್‌ಹೂನ್ ಒಬ್ಬ. ತಲೆಗೆ 1 ಕೋಟಿ ವಾನ್ (ಕೊರಿಯಾದ ಹಣ) ಕೊಟ್ಟರೆ ಆ ಕೆಲಸ ತಾನು ಮಾಡಿಕೊಡುತ್ತೇನೆ ಅಂತ ಜಿಯಾನ್ ಒಪ್ಪಂದ ಮಾಡಿಕೊಳ್ಳುತ್ತಾಳೆ. ಅದಕ್ಕಾಗಿ ಡೊಂಗ್‌ಹೂನ್‌ನ ಫೋನಿಗೆ ಕದ್ದು ಕೇಳುವ ಆ್ಯಪ್ ಹಾಕುತ್ತಾಳೆ. ಹಗಲೂ ರಾತ್ರಿ ಅವನ ಬದುಕನ್ನು ಇಯರ್‌ಫೋನ್‌ನಲ್ಲಿ ಕೇಳುತ್ತಾ ಹೋಗುತ್ತಾಳೆ.

ಅವಳು ಅಷ್ಟು ಕೆಟ್ಟ ಕೆಲಸಕ್ಕೆ ಇಳಿದದ್ದು ಬರೀ ದುಡ್ಡಿಗಾಗಿಯಾ?

ಶುರುವಿನಲ್ಲಿ ಹೌದು. ಅದನ್ನು ಡ್ರಾಮಾ ಎಲ್ಲೂ ಮರೆಮಾಚುವುದಿಲ್ಲ. ಡೊಂಗ್‌ಹೂನ್ ಟೇಬಲ್‌ಗೆ ತಪ್ಪಿ ಬಂದ 5 ಕೋಟಿ ವಾನ್ ಬೆಲೆಯ ಗಿಫ್ಟ್ ವೋಚರ್‌ಗಳನ್ನು ಅವಳು ಕದಿಯುತ್ತಾಳೆ. ಆಫೀಸಿನ ಕಾಫಿ ಪುಡಿಯ ಪ್ಯಾಕೆಟ್ ಕದ್ದು ಮನೆಗೆ ಒಯ್ಯುತ್ತಾಳೆ. ರಾತ್ರಿ ಪಾತ್ರೆ ತೊಳೆಯುವ ಕಡೆ ಗಿರಾಕಿಗಳು ಬಿಟ್ಟ ಊಟ ಕಟ್ಟಿಕೊಂಡು ಹೋಗುತ್ತಾಳೆ. ಎಲ್ಲಕ್ಕೂ ಒಂದೇ ಮುಖ. ನಾಚಿಕೆಯೂ ಇಲ್ಲ, ಅಯ್ಯೋ ಅನ್ನುವುದೂ ಇಲ್ಲ.

ಆದರೆ ದುಡ್ಡಿನ ಹಿಂದೆ ಇನ್ನೊಂದು ಇದೆ. ಅವಳು ಚಿಕ್ಕವಳಿದ್ದಾಗ ಸಾಲ ಕೊಟ್ಟವನೊಬ್ಬ ಅಜ್ಜಿಯನ್ನು ಹೊಡೆಯುತ್ತಿದ್ದ. ಅವಳು ಅವನನ್ನು ಕೊಂದಳು. ಕೋರ್ಟು ಅದನ್ನು ಆತ್ಮರಕ್ಷಣೆ ಅಂತ ಒಪ್ಪಿ ಬಿಟ್ಟಿತು. ಜನ ಬಿಡಲಿಲ್ಲ. ವಿಷಯ ಗೊತ್ತಾದ ಕೂಡಲೇ ಎಲ್ಲರೂ ದೂರ ಸರಿಯುತ್ತಾರೆ ಅನ್ನುವುದು ಅವಳ ಅನುಭವ. ಪಾಪ ಅಂತ ಸಹಾಯ ಮಾಡಲು ಬಂದವರೂ ನಾಲ್ಕು ಸಲ ಮಾಡಿ ಹೋಗಿಬಿಡುತ್ತಾರೆ ಅಂತ ಅವಳಿಗೆ ಗೊತ್ತು. ಹಾಗಾಗಿ ಡೊಂಗ್‌ಹೂನ್ ಒಳ್ಳೆಯವನಂತೆ ಕಂಡಾಗ ಅವಳಿಗೆ ಬರುವುದು ಸಿಟ್ಟು, ಅನುಮಾನ. ಇವನೂ ಎಲ್ಲಿಯವರೆಗೆ ಬರುತ್ತಾನೆ ನೋಡೇಬಿಡೋಣ ಅನ್ನುವ ಹಟ. ಮೊದಲ ಎಪಿಸೋಡ್‌ಗಳಲ್ಲಿ ಅವಳು ಅವನ ಜೊತೆ ಕಟುವಾಗಿ ಮಾತಾಡುವುದೆಲ್ಲ ಆ ಹಟದಿಂದಲೇ ಅಂತ ನನಗೆ ಅನಿಸುತ್ತದೆ.

ಅವಳ ಮನಸ್ಸು ಬದಲಾಗುವುದು ಎಲ್ಲಿ?

ಬಹಳ ಜನ ಒಂಬತ್ತನೇ ಎಪಿಸೋಡ್‌ನ ಹೊಡೆದಾಟ ಅನ್ನುತ್ತಾರೆ. ಅದಕ್ಕೆ ಬರುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಸಣ್ಣ ದೃಶ್ಯವಿದೆ. ನನ್ನ ಪ್ರಕಾರ ತಿರುವು ಅಲ್ಲೇ ಆಗಿದೆ.

ಅಜ್ಜಿಗೆ ಚಂದ್ರನನ್ನು ತೋರಿಸಲು ಜಿಯಾನ್ ಅಂಗಡಿಯ ತಳ್ಳುಗಾಡಿ ಎಗರಿಸಿ, ಅದರಲ್ಲೇ ಅಜ್ಜಿಯನ್ನು ಕೂರಿಸಿಕೊಂಡು ಹೋಗುತ್ತಾಳೆ. ಡೊಂಗ್‌ಹೂನ್ ಅದನ್ನು ನೋಡುತ್ತಾನೆ, ಮೆಟ್ಟಿಲಿರುವ ಕಡೆ ಅಜ್ಜಿಯನ್ನು ಬೆನ್ನ ಮೇಲೆ ಹೊರುತ್ತಾನೆ. ಆಮೇಲೆ ಕೇಳುತ್ತಾನೆ, ಅಜ್ಜಿಯನ್ನು ಯಾಕೆ ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಿಲ್ಲ ಅಂತ. ದುಡ್ಡಿಲ್ಲ ಅನ್ನುತ್ತಾಳೆ. ಆಗ ಅವನು ನಿಯಮ ಹೇಳುತ್ತಾನೆ: ಮೊಮ್ಮಗಳಿಗೆ ಸಾಕುವ ಕಾನೂನಿನ ಹೊಣೆ ಇಲ್ಲ, ವಿಳಾಸ ಬೇರೆ ಮಾಡಿಸಿಕೊಂಡು ಅರ್ಜಿ ಹಾಕಿದರೆ ಸರ್ಕಾರದಿಂದಲೇ ನೆರವು ಸಿಗುತ್ತದೆ. ಇಂಥದ್ದನ್ನೆಲ್ಲ ಹೇಳಿಕೊಡೋರು ನಿನಗೆ ಯಾರೂ ಇರಲಿಲ್ವಾ ಅಂತ ಕೇಳುತ್ತಾನೆ.

ಅಷ್ಟೇ. ಅವನು ದುಡ್ಡು ಕೊಡಲಿಲ್ಲ. ಕಣ್ಣೀರು ಹಾಕಲಿಲ್ಲ. ಯಾವ ಮನೆಯಲ್ಲಾದರೂ ಹಿರಿಯರು ಮಾತಿನ ಮಧ್ಯೆ ಹೇಳಿಬಿಡುವ ಒಂದು ಮಾಹಿತಿ ಕೊಟ್ಟ. ಅದನ್ನು ಹೇಳುವ ಒಬ್ಬ ಹಿರಿಯರೂ ಇಲ್ಲದೆ ಈ ಹುಡುಗಿ ಬೆಳೆದಿದ್ದಾಳೆ ಅನ್ನುವುದು ನಮಗೂ ಆಗಲೇ ಹೊಳೆಯುತ್ತದೆ. ಹೊರಡುವಾಗ ಅವನು ನೀನು ಒಳ್ಳೆಯವಳು ಅನ್ನುತ್ತಾನೆ. ಆ ಮಾತು ಕೇಳಿದಾಗ ಐಯು ಮುಖ ನೋಡಿ. ಖುಷಿ ಆಗುವುದಿಲ್ಲ. ಏನು ಮಾಡಬೇಕೋ ತೋಚದೆ ನಿಂತುಬಿಡುತ್ತಾಳೆ.

ಇನ್ನು ಆ ಹೊಡೆದಾಟ. ಆ ಸಾಲ ಕೊಟ್ಟವನ ಮಗ ಕ್ವಾಂಗಿಲ್‌ನ ಹತ್ತಿರ ಡೊಂಗ್‌ಹೂನ್ ಹೋಗುತ್ತಾನೆ. ಆ ಮಗುವನ್ನು ಯಾಕೆ ಹೊಡೀತೀಯ ಅಂತ ಕೇಳುತ್ತಾನೆ. ಅವಳು ನಮ್ಮಪ್ಪನನ್ನು ಕೊಂದಳು ಅಂತ ಕ್ವಾಂಗಿಲ್ ಕಿರುಚುತ್ತಾನೆ. ಕ್ಷಣ ನಿಂತು, ನಾನಾಗಿದ್ದರೂ ಕೊಲ್ಲುತ್ತಿದ್ದೆ, ನನ್ನ ಮನೆಯವರನ್ನು ಹೊಡೆದರೆ ನಾನೂ ಕೊಲ್ಲುತ್ತಿದ್ದೆ ಅಂತ ಇವನು ತಿರುಗಿ ಅರಚುತ್ತಾನೆ. ಇದೆಲ್ಲ ಜಿಯಾನ್‌ಗೆ ಇಯರ್‌ಫೋನ್‌ನಲ್ಲಿ ಕೇಳುತ್ತಿದೆ. ಅವಳು ರಸ್ತೆಯಲ್ಲೇ ಕುಸಿದು ಅಳುತ್ತಾಳೆ. ಅವಳ ಗುಟ್ಟು ತಿಳಿದ ಮೇಲೂ ಒಬ್ಬ ಮನುಷ್ಯ ಅವಳ ಪಕ್ಷ ಬಿಡಲಿಲ್ಲ, ಅದೂ ಅವಳು ಎದುರಿಗೆ ಇಲ್ಲದಾಗ. ಅವಳು ಕೇಳುತ್ತಿದ್ದಾಳೆ ಅಂತ ಅವನಿಗೆ ಗೊತ್ತಿಲ್ಲ, ಹಾಗಾಗಿ ಅದು ತೋರಿಕೆ ಆಗಲು ಸಾಧ್ಯವೇ ಇಲ್ಲ. ಕದ್ದು ಕೇಳುವ ಆ ತಂತ್ರವನ್ನು ಲೇಖಕಿ ಕಥೆಗೆ ತಂದದ್ದೇ ಇದಕ್ಕಾಗಿ ಇರಬೇಕು.

ಇದು ಪ್ರೇಮಕಥೆಯಾ? ಅವನಿಗೆ 45, ಅವಳಿಗೆ 21 ಅಲ್ವಾ?

ಪ್ರಸಾರಕ್ಕೆ ಮೊದಲೇ ಕೊರಿಯಾದಲ್ಲಿ ಈ ವಯಸ್ಸಿನ ಅಂತರದ ಬಗ್ಗೆ ಜೋರು ಆಕ್ಷೇಪ ಬಂದಿತ್ತು. ಮೊದಲ ಎಪಿಸೋಡ್‌ನಲ್ಲಿ ಕ್ವಾಂಗಿಲ್ ಜಿಯಾನ್‌ಗೆ ಹೊಡೆಯುವ ರೀತಿಗೂ ವಿರೋಧ ಬಂತು. ಆ ಆತಂಕ ಸುಮ್ನೆ ಹುಟ್ಟಿದ್ದಲ್ಲ, ಅಂಥ ಕಥೆಗಳು ಬೇಕಾದಷ್ಟಿವೆ.

ಅವಳ ಕಡೆಯಿಂದ ಪ್ರೀತಿ ಇದೆ. ಅವಳು ಬಾಯಿಬಿಟ್ಟು ಹೇಳುತ್ತಾಳೆ ಕೂಡ. ಅವನ ಕಡೆಯಿಂದ ಇರುವುದು ಬೇರೆ. ಅವನು ಅವಳನ್ನು ಕಂಡಾಗ ತನ್ನನ್ನೇ ಕಾಣುತ್ತಾನೆ, ನೋವನ್ನು ನುಂಗಿ ನುಂಗಿ ಒಣಗಿಹೋದ ಇನ್ನೊಂದು ಜೀವ ಅಂತ. ಅವಳು ಇಷ್ಟ ಅಂದಾಗ ಅವನು ನಗುವುದಿಲ್ಲ, ಬೈಯುವುದಿಲ್ಲ, ದೂರ ಓಡಿಹೋಗುವುದೂ ಇಲ್ಲ. ನಿಮ್ಮ ಅಜ್ಜಿ ತೀರಿಕೊಂಡರೆ ನಾನು ಬರುತ್ತೇನೆ, ನಮ್ಮ ಅಮ್ಮ ಹೋದಾಗ ನೀನು ಬಾ ಅನ್ನುವ ಅರ್ಥದ ಮಾತಾಡುತ್ತಾನೆ. ಸಾವಿಗೆ ಬರುತ್ತೇನೆ ಅನ್ನುವುದು ಎಷ್ಟು ದೊಡ್ಡ ಮಾತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆಗೆ ಕರೆದರೆ ಮಾತ್ರ ಹೋಗುತ್ತೇವೆ, ಸಾವಿಗೆ ಯಾರೂ ಕರೆಯುವುದಿಲ್ಲ. ಅವನು ಅವಳಿಗೆ ಕೊಟ್ಟದ್ದು ಆ ನಂಟು. ಪ್ರೇಮಕಥೆಯಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಲ್ಲ.

ಹೆಂಡತಿಯ ವಿಷಯ ಗೊತ್ತಾದ ಮೇಲೂ ಡೊಂಗ್‌ಹೂನ್ ಯಾಕೆ ಬಾಯಿ ಬಿಡಲಿಲ್ಲ? ಹೇಡಿಯಾ?

ಹೆಚ್ಚು ಜನ ಸಿಟ್ಟಾಗುವುದು ಇಲ್ಲೇ. ಹೆಂಡತಿ ಯೂನ್‌ಹೀಗೆ ಜುನ್‌ಯಂಗ್ ಜೊತೆ ಸಂಬಂಧ ಇದೆ. ಅವನು ಡೊಂಗ್‌ಹೂನ್‌ನ ಕಾಲೇಜಿನ ಜೂನಿಯರ್, ಈಗ ಬಾಸ್. ಡೊಂಗ್‌ಹೂನ್‌ನನ್ನು ಡಿಸೈನ್ ವಿಭಾಗದಿಂದ ಕಟ್ಟಡಗಳ ಸುರಕ್ಷತಾ ತಪಾಸಣೆಯ ವಿಭಾಗಕ್ಕೆ ತಳ್ಳಿದವನೂ ಅವನೇ. ಇದೆಲ್ಲ ತಿಳಿದ ಮೇಲೆ ಡೊಂಗ್‌ಹೂನ್ ಹೋಗಿ ಜುನ್‌ಯಂಗ್‌ಗೆ ಹೇಳುವುದು ಇಷ್ಟು: ಸಂಬಂಧ ಮುಗಿಸು, ನನಗೆ ಗೊತ್ತಾಗಿದೆ ಅನ್ನೋದು ಅವಳಿಗೆ ಗೊತ್ತಾಗಬಾರದು.

ಈ ಡ್ರಾಮಾದ ಜನರೆಲ್ಲ ಒಂದೇ ಒಂದಕ್ಕೆ ಹೆದರುತ್ತಾರೆ, ಅವಮಾನಕ್ಕೆ. ಅದರಲ್ಲೂ ಮನೆಯವರ ಮುಂದೆ ಆಗುವ ಅವಮಾನಕ್ಕೆ. ಯಾರಿಗೂ ಗೊತ್ತಾಗದಿದ್ದರೆ ಏನೂ ಆಗಿಲ್ಲ ಅಂತಲೇ ಲೆಕ್ಕ ಅನ್ನುವುದು ಡೊಂಗ್‌ಹೂನ್ ನಂಬಿಕೊಂಡ ಮಾತು. ವಿಷಯ ಹೊರಬಿದ್ದರೆ ಅಮ್ಮನಿಗೆ ತಿಳಿಯುತ್ತದೆ, ಅಣ್ಣತಮ್ಮಂದಿರಿಗೆ ತಿಳಿಯುತ್ತದೆ, ಅಮೆರಿಕದಲ್ಲಿ ಓದುತ್ತಿರುವ ಮಗನಿಗೆ ತಿಳಿಯುತ್ತದೆ. ಕುಟುಂಬದಲ್ಲಿ ಪಕ್ಕಾ ಸಂಬಳ ತರುತ್ತಿರುವ ಮಗ ಅವನೊಬ್ಬನೇ. ಅವನು ಬಿದ್ದರೆ ಎಲ್ಲರೂ ಬೀಳುತ್ತಾರೆ ಅಂತ ಅವನು ತಿಳಿದಿದ್ದಾನೆ. ಅದಕ್ಕೇ ತಡೆದುಕೊಳ್ಳುತ್ತಾನೆ.

ಅವನು ಮಾಡುವ ಕೆಲಸ ಸ್ಟ್ರಕ್ಚರಲ್ ಎಂಜಿನಿಯರಿಂಗ್. ಕಟ್ಟಡವೊಂದು ನಿಲ್ಲುವುದು ಹೊರಗಿನ ಒತ್ತಡಕ್ಕಿಂತ ಒಳಗಿನ ಬಲ ಜಾಸ್ತಿ ಇದ್ದಾಗ, ಬದುಕೂ ಹಾಗೇ ಅಂತ ಅವನು ಜಿಯಾನ್‌ಗೆ ಒಮ್ಮೆ ವಿವರಿಸುತ್ತಾನೆ. ಆ ಮಾತಾಡುವಾಗ ಅವನ ಒಳಗಿನ ಬಲ ಮುಗಿಯುತ್ತಾ ಬಂದಿರುವುದು ಅವನ ದನಿಯಲ್ಲೇ ಕೇಳುತ್ತದೆ. ಹೇಡಿ ಅನ್ನುವುದು ಸರಿಯಾಗದು. ಆದರೆ ಅವನು ಮಾಡಿದ್ದು ಸರಿ ಅಂತಲೂ ನಾನು ಹೇಳಲಾರೆ. ಆ ಮೌನವೇ ಯೂನ್‌ಹೀಯನ್ನು ಮೊದಲು ದೂರ ಮಾಡಿದ್ದು.

ಹಾಗಾದರೆ ಯೂನ್‌ಹೀ ತಪ್ಪು ಮಾಡಲಿಲ್ವಾ?

ಮಾಡಿದಳು. ಡ್ರಾಮಾ ಅದನ್ನು ಮುಚ್ಚಿಹಾಕುವುದಿಲ್ಲ, ಅವಳೂ ಮುಚ್ಚಿಹಾಕುವುದಿಲ್ಲ. ಗಂಡ ಯಾವಾಗಲೂ ಅಮ್ಮ, ಅಣ್ಣ, ತಮ್ಮ, ಹಳೇ ಕೇರಿಯ ಗೆಳೆಯರು ಅಂತ ಇದ್ದ. ಇವಳು ವಕೀಲೆ, ಕೆಲಸದಲ್ಲಿ ಗಟ್ಟಿಗಳು, ಮನೆಯಲ್ಲಿ ಒಂಟಿ. ಅದು ಕಾರಣವೇ ಹೊರತು ಸಮರ್ಥನೆ ಅಲ್ಲ.

ಗಂಡನ ಕೆಲಸ ಕಳೆಯಲು ಜುನ್‌ಯಂಗ್ ಸಂಚು ಮಾಡಿದ್ದಾನೆ ಅಂತ ತಿಳಿದಾಗ ಅವಳಿಗೆ ಒಮ್ಮೆಲೇ ಎಲ್ಲ ಕಾಣುತ್ತದೆ. ಅಲ್ಲಿಂದ ಅವಳು ಗಂಡನ ಪರವಾಗಿ ನಿಲ್ಲುತ್ತಾಳೆ, ಕ್ಷಮೆ ಸಿಗುತ್ತದೆ ಅನ್ನುವ ಆಸೆ ಇಲ್ಲದೆಯೇ. ಲೀ ಜಿ-ಆ ಈ ಪಾತ್ರವನ್ನು ಬಹಳ ಗಟ್ಟಿಯಾಗಿ ನಿಭಾಯಿಸಿದ್ದಾರೆ. ಅನುಕಂಪ ಗಿಟ್ಟಿಸಲು ಅವರು ಒಂದು ಸಲವೂ ಪ್ರಯತ್ನಿಸುವುದಿಲ್ಲ. ಇಂಥ ಪಾತ್ರದಲ್ಲಿ ನೋಡುವವರ ಪ್ರೀತಿ ಬೇಡ ಅಂತ ಬಿಟ್ಟುಕೊಡಲು ನಟಿಗೆ ಧೈರ್ಯ ಬೇಕು. ಅವರಿಗೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಲೀ ಸನ್-ಕ್ಯುನ್ ನಟನೆ ಅದ್ಭುತ ಅಂತಾರೆ. ಆದರೆ ಅವರು ಏನೂ ಮಾಡ್ತಾನೇ ಇಲ್ಲವಲ್ಲ?

ಏನೂ ಮಾಡದ ಹಾಗೆ ಕಾಣುವಂತೆ ಮಾಡಿದ್ದಾರೆ. ಡೊಂಗ್‌ಹೂನ್‌ಗೆ ಎಲ್ಲವನ್ನೂ ಬಚ್ಚಿಡಬೇಕಿದೆ. ಹಾಗಾಗಿ ನಟ ದುಃಖವನ್ನು ತೋರಿಸುವ ಹಾಗಿಲ್ಲ, ದುಃಖವನ್ನು ಬಚ್ಚಿಡುವುದನ್ನು ತೋರಿಸಬೇಕು. ಇದು ಅಳುವುದಕ್ಕಿಂತ ಕಷ್ಟ.

ಮೆಟ್ರೋದಲ್ಲಿ ಅವನು ನಿಂತಿರುವ ರೀತಿ ಗಮನಿಸಿ. ಹೆಗಲು ಸ್ವಲ್ಪ ಮುಂದಕ್ಕೆ ಬಾಗಿದೆ. ಮನೆಗೆ ಹೋಗುವ ಓಣಿಯಲ್ಲಿ ಹೆಜ್ಜೆ ಎತ್ತಿಡುವುದಿಲ್ಲ, ಎಳೆಯುತ್ತಾನೆ. ಅಮ್ಮನ ಮನೆಯ ಬಾಗಿಲು ತೆರೆಯುವ ಮುಂಚೆ ಮುಖ ಸರಿಮಾಡಿಕೊಳ್ಳುತ್ತಾನೆ. ಯಾರಾದರೂ ಹುಷಾರಾಗಿದ್ದೀಯಾ ಅಂದರೆ ಉತ್ತರ ಬರುವ ಮೊದಲು ಸಣ್ಣ ತಡೆ ಇರುತ್ತದೆ.

ಜೊತೆಗೆ ದನಿ. ಲೀ ಸನ್-ಕ್ಯುನ್ ಅವರ ತಗ್ಗು ದನಿ ಕೊರಿಯಾದಲ್ಲಿ ಮೊದಲೇ ಹೆಸರಾಗಿತ್ತು. 2010ರ ‘ಪಾಸ್ತಾ’ದಲ್ಲಿ ಅದೇ ದನಿಯಲ್ಲಿ ಅಡುಗೆಮನೆ ನಡುಗಿಸುವ ಶೆಫ್ ಆಗಿದ್ದರು. ಇಲ್ಲಿ ಆ ದನಿ ಕೆಳಗಿಳಿದು ಉಸಿರಿಗೆ ಹತ್ತಿರವಾಗಿದೆ. ಜಿಯಾನ್ ಅವನನ್ನು ಹೆಚ್ಚು ತಿಳಿಯುವುದೇ ಕಿವಿಯಿಂದ ಅನ್ನುವುದು ನೆನಪಿರಲಿ. ಅವನು ನಡೆಯುವಾಗಿನ ಏದುಸಿರು, ಸಾರಾಯಿ ಗ್ಲಾಸ್ ಇಟ್ಟ ಸದ್ದು, ಒಬ್ಬನೇ ಇದ್ದಾಗ ಬಿಡುವ ನಿಟ್ಟುಸಿರು ಅವಳಿಗೆ ಕೇಳುತ್ತವೆ. ನಟನೊಬ್ಬ ಅರ್ಧ ಪಾತ್ರವನ್ನು ಬರೀ ಉಸಿರಲ್ಲಿ ಕಟ್ಟಿದ್ದಾರೆ. ಇಯರ್‌ಫೋನ್ ಹಾಕಿಕೊಂಡು ಒಮ್ಮೆ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಡಬ್ಬಿಂಗ್‌ನಲ್ಲಿ ಇದು ಪೂರ್ತಿ ಹೋಗಿಬಿಡುತ್ತದೆ, ಆದ್ದರಿಂದ ಕೊರಿಯನ್ ಭಾಷೆಯಲ್ಲೇ ಸಬ್‌ಟೈಟಲ್ ಇಟ್ಟುಕೊಂಡು ನೋಡಿ.

ಆ ಕಟ್ಟು ಒಡೆಯುವುದು ಕೆಲವೇ ಸಲ. ಯೂನ್‌ಹೀ ಎದುರು ಬಾಗಿಲಿಗೆ ಗುದ್ದಿ, ಯಾಕೆ ಹಾಗೆ ಮಾಡಿದೆ ಅಂತ ಕೇಳುವಾಗ ಅವನ ಮಾತು ಚೂರುಚೂರಾಗಿ ಬರುತ್ತದೆ. ಅವನೊಂದಿಗೆ ಸೇರಿದ ಆ ಕ್ಷಣವೇ ನೀನು ನನಗೆ ಸಾವಿನ ತೀರ್ಪು ಕೊಟ್ಟೆ ಅನ್ನುವ ಅರ್ಥದ ಮಾತು ಅಲ್ಲಿ ಬರುತ್ತದೆ. ಅಲ್ಲಿಯವರೆಗಿನ ಅಷ್ಟೂ ಮೌನ ಇಲ್ಲದಿದ್ದರೆ ಆ ದೃಶ್ಯಕ್ಕೆ ಈ ಪೆಟ್ಟು ಇರುತ್ತಿರಲಿಲ್ಲ.

ಐಯು ಗಾಯಕಿ ಅಲ್ವಾ? ಈ ಪಾತ್ರಕ್ಕೆ ಹೇಗೆ ಹೊಂದಿದರು?

ಹೌದು, 2008ರಿಂದ ಹಾಡುತ್ತಿರುವ, ಕೊರಿಯಾದಲ್ಲಿ ತುಂಬಾ ದೊಡ್ಡ ಹೆಸರಿನ ಗಾಯಕಿ. ನಟನೆ ಮೊದಲೂ ಮಾಡಿದ್ದರು, ಆದರೆ ಇಂಥ ಪಾತ್ರ ಅಲ್ಲ. ಜಿಯಾನ್‌ಗೆ ಮೇಕಪ್ ಕಾಣುವುದಿಲ್ಲ, ಚಳಿಯಲ್ಲಿ ಸರಿಯಾದ ಬಟ್ಟೆ ಇಲ್ಲ, ಪಾದದ ಮೇಲಿನ ಕಾಲು ಬರಿದಾಗಿರುತ್ತದೆ. ನಡಿಗೆ ಬೇಗ, ತಲೆ ತಗ್ಗಿಸಿ. ಊಟ ಮಾಡುವಾಗ ಯಾರೋ ಕಸಿದುಕೊಳ್ಳುತ್ತಾರೆ ಅನ್ನುವ ಹಾಗೆ ತಿನ್ನುತ್ತಾಳೆ. ಮಾತಿನಲ್ಲಿ ಏರಿಳಿತವೇ ಇಲ್ಲ.

ಐಯು ಅವರ ಜಾಣತನ ಇರುವುದು ಆ ಸಪಾಟು ದನಿಯನ್ನು ಎಷ್ಟು ನಿಧಾನವಾಗಿ ಕರಗಿಸುತ್ತಾರೆ ಅನ್ನುವುದರಲ್ಲಿ. ಮೊದಲ ಎಪಿಸೋಡ್ ಮತ್ತು ಹನ್ನೆರಡನೆಯದನ್ನು ಒಂದರ ಹಿಂದೆ ಒಂದು ನೋಡಿದರೆ ಬೇರೆಯೇ ಹುಡುಗಿ. ಮಧ್ಯದಲ್ಲಿ ಎಲ್ಲಿ ಬದಲಾದಳು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಡೊಂಗ್‌ಹೂನ್‌ನ ಬಡ್ತಿ ವಿಚಾರಕ್ಕೆ ಕಂಪನಿಯ ದೊಡ್ಡವರ ಮುಂದೆ ಅವಳು ಸಾಕ್ಷಿ ಹೇಳುವ ದೃಶ್ಯ ಇದೆಯಲ್ಲ, ಅಲ್ಲಿ ಈ ಆಫೀಸಿನ ಮೂರು ತಿಂಗಳು ತನ್ನ 21 ವರ್ಷದಲ್ಲೇ ಬೆಚ್ಚಗಿನ ದಿನಗಳು ಅಂತ ಹೇಳುತ್ತಾಳೆ. ಆಗಲೂ ದನಿ ಏರುವುದಿಲ್ಲ. ಕಣ್ಣು ಮಾತ್ರ ಬೇರೆ.

ಕ್ವಾಂಗಿಲ್ ಅವಳನ್ನು ಅಷ್ಟು ಹಿಂಸಿಸುವುದು ಸೇಡಿಗಾ, ಪ್ರೀತಿಗಾ?

ಎರಡೂ ಬೇರ್ಪಡಿಸಲಾಗದಷ್ಟು ಗಂಟು ಬಿದ್ದಿವೆ. ಚಿಕ್ಕವನಿದ್ದಾಗ ತನ್ನಪ್ಪ ಅವಳನ್ನು ಹೊಡೆಯುವಾಗ ಅಡ್ಡ ಬಂದು ಪೆಟ್ಟು ತಿಂದವನು ಇವನೇ. ಆಮೇಲೆ ಅಪ್ಪ ಸತ್ತ, ಅದೂ ಅವಳ ಕೈಯಲ್ಲಿ. ಅಪ್ಪ ಎಷ್ಟೇ ಕೆಟ್ಟವನಾದರೂ ಮಗನಿಗೆ ಅದು ನಷ್ಟವೇ. ಸಾಲದ ನೆಪದಲ್ಲಿ ಅವಳನ್ನು ಬಿಡದೆ ಹಿಡಿದುಕೊಂಡಿದ್ದಾನೆ.

ಅವಳು ಡೊಂಗ್‌ಹೂನ್ ಬಗ್ಗೆ ಮಾಡಿದ ರೆಕಾರ್ಡಿಂಗ್‌ಗಳು ಅವನ ಕೈಗೆ ಸಿಗುತ್ತವೆ. ಅದರಲ್ಲಿ ಅವಳು ಇವನ ಬಗ್ಗೆ, ಅವನು ಮೊದಲು ಒಳ್ಳೆಯ ಹುಡುಗನಾಗಿದ್ದ ಅಂತ ಹೇಳಿರುವುದು ಕೇಳಿಸುತ್ತದೆ. ಕ್ವಾಂಗಿಲ್ ಪಾತ್ರದ ಜಾಂಗ್ ಕಿ-ಯೊಂಗ್ ಆ ದೃಶ್ಯದಲ್ಲಿ ಮಾತಿಲ್ಲದೆ ಕೂತಿರುತ್ತಾರೆ. ಜಿಯಾನ್‌ಗೆ ಇಯರ್‌ಫೋನ್‌ನಿಂದ ಏನಾಯಿತೋ ಅದೇ ಇವನಿಗೂ ಆಗುತ್ತದೆ. ಹಿಂದಿನಿಂದ ಯಾರೋ ತನ್ನ ಬಗ್ಗೆ ಒಳ್ಳೆಯದಾಡಿದ್ದು ಕಿವಿಗೆ ಬೀಳುತ್ತದೆ. ಕೊನೆಗೆ ಆ ರೆಕಾರ್ಡಿಂಗ್‌ಗಳನ್ನು ಅವನು ಬಿಟ್ಟುಕೊಡುತ್ತಾನೆ. ಅವನು ಹೊಡೆದದ್ದೆಲ್ಲ ಇದರಿಂದ ಮಾಫ್ ಆಗುವುದಿಲ್ಲ, ಡ್ರಾಮಾ ಹಾಗಂತ ಹೇಳುವುದೂ ಇಲ್ಲ.

ಮೂವರು ಅಣ್ಣತಮ್ಮಂದಿರು ಕುಡಿಯೋದು, ಜಗಳ ಆಡೋದು ಅಷ್ಟೊಂದು ಬೇಕಿತ್ತಾ?

ಬೇಕಿತ್ತು. ಮೊದಲ ಸಲ ನೋಡುವಾಗ ಎಳೆದ ಹಾಗೆ ಅನಿಸಬಹುದು. ಆದರೆ ಜಿಯಾನ್ ಇಯರ್‌ಫೋನ್‌ನಲ್ಲಿ ಕೇಳುವುದು ಇವರನ್ನೇ. ಒಂದು ಮನೆ ಅಂದರೆ ಹೀಗಿರುತ್ತದೆ ಅಂತ ಅವಳು ಕಲಿಯುವುದು ಇವರಿಂದ.

ದೊಡ್ಡವನು ಸಾಂಗ್‌ಹೂನ್. ಕೆಲಸ ಹೋಗಿದೆ, ವ್ಯಾಪಾರ ಮುಳುಗಿದೆ, ಹೆಂಡತಿ ಬೇರೆಯಾಗಿದ್ದಾಳೆ, ಅಮ್ಮನ ಮನೆಗೆ ವಾಪಸ್ ಬಂದಿದ್ದಾನೆ. ಕಿರಿಯವನು ಗಿಹೂನ್ ಒಂದು ಕಾಲದಲ್ಲಿ ಭರವಸೆಯ ಸಿನಿಮಾ ನಿರ್ದೇಶಕ. ಇಬ್ಬರೂ ಸೇರಿ ಕಟ್ಟಡ ಶುಚಿ ಮಾಡುವ ಕೆಲಸ ಹಿಡಿಯುತ್ತಾರೆ. ಒಂದು ದಿನ ಸಾಂಗ್‌ಹೂನ್ ಕಟ್ಟಡದ ಮಾಲೀಕನ ಮುಂದೆ ಮಂಡಿಯೂರಿ ಕ್ಷಮೆ ಕೇಳಬೇಕಾಗುತ್ತದೆ. ಮಕ್ಕಳಿಗೆ ಊಟ ತಂದ ಅಮ್ಮ ಅದನ್ನು ನೋಡಿಬಿಡುತ್ತಾಳೆ, ಸದ್ದಿಲ್ಲದೆ ವಾಪಸ್ ಹೋಗುತ್ತಾಳೆ. ಅಮ್ಮನ ಪಾತ್ರದ ಗೋ ದು-ಶಿಮ್ ಅವರಿಗೆ ಅಲ್ಲಿ ಒಂದು ಮಾತೂ ಇಲ್ಲ. ತಾನು ನೋಡಿದೆ ಅಂತ ಮಗನಿಗೆ ಗೊತ್ತಾಗಬಾರದು, ಅಷ್ಟೇ ಅವಳ ಮನಸ್ಸಲ್ಲಿರುವುದು. ಡೊಂಗ್‌ಹೂನ್ ಎಲ್ಲವನ್ನೂ ಬಚ್ಚಿಡುವುದನ್ನು ಯಾರಿಂದ ಕಲಿತ ಅನ್ನುವುದಕ್ಕೆ ಇಲ್ಲಿ ಉತ್ತರ ಇದೆ. ಆ ಮಾಲೀಕನ ಹತ್ತಿರ ಡೊಂಗ್‌ಹೂನ್ ಸುತ್ತಿಗೆ ಹಿಡಿದು ಹೋಗುತ್ತಾನೆ. ಹೊಡೆಯಲು ಅಲ್ಲ, ಗೋಡೆ ತಟ್ಟಿ ಕಟ್ಟಡದ ದೋಷ ಎತ್ತಿ ತೋರಿಸಲು. ಅವನಿಗೆ ಗೊತ್ತಿರುವ ಜಗಳ ಅದೊಂದೇ.

ಸಾಂಗ್‌ಹೂನ್ ಪಾತ್ರಕ್ಕೆ ಮೊದಲು ಬೇರೊಬ್ಬ ನಟರಿದ್ದರು. ಪಾರ್ಕ್ ಹೋ-ಸಾನ್ ಆಮೇಲೆ ಬಂದರು. ಈಗ ಆ ಪಾತ್ರವನ್ನು ಇನ್ನೊಬ್ಬರಲ್ಲಿ ಊಹಿಸಲೂ ಆಗುವುದಿಲ್ಲ.

ಗಿಹೂನ್ ಮತ್ತು ನಟಿ ಯೂರಾ ಕಥೆ ಬರೀ ತಮಾಷೆಗಾ?

ಮೊದಮೊದಲು ಹಾಗೆ ಕಾಣುತ್ತದೆ. ಆಮೇಲೆ ಸತ್ಯ ಹೊರಗೆ ಬರುತ್ತದೆ. ತನ್ನ ಸಿನಿಮಾ ಕೈಕೊಡುತ್ತಿದೆ ಅಂತ ಅವನಿಗೆ ಚಿತ್ರೀಕರಣದಲ್ಲೇ ಗೊತ್ತಾಗಿತ್ತು. ಸೋಲನ್ನು ಹೊರಿಸಲು ಅವಳನ್ನು ಬೈದು ಬೈದು ನಟನೆ ಬಾರದವಳು ಅನ್ನಿಸಿದ. ಅವಳು ಅದನ್ನು ನಂಬಿ ಒಡೆದುಹೋಗಿದ್ದಳು. ತನ್ನ ನಾಚಿಕೆಯನ್ನು ಬೇರೆಯವರ ತಲೆಗೆ ಕಟ್ಟುವುದು ಎಷ್ಟು ಸುಲಭ ಅಂತ ತೋರಿಸುವ ಭಾಗ ಇದು.

ಬಾರ್ ನಡೆಸುವ ಜಂಗ್‌ಹೀ ಯಾಕೆ ರಾತ್ರಿ ಹೊರಗೆ ಹೋಗಿ ಮತ್ತೆ ಬರುತ್ತಾಳೆ?

ಈ ಪ್ರಶ್ನೆ ಕೇಳಿದವರಿಗೆ ಥ್ಯಾಂಕ್ಸ್ ಹೇಳಬೇಕು, ತುಂಬಾ ಜನ ಗಮನಿಸದೆ ಬಿಡುತ್ತಾರೆ. ಅವಳು ಇರುವುದು ಬಾರ್‌ನಲ್ಲೇ. ಆದರೂ ರಾತ್ರಿ ಎಲ್ಲರೂ ಹೊರಟಾಗ ತಾನೂ ಬೀಗ ಹಾಕಿ ಮನೆಗೆ ಹೊರಟವಳಂತೆ ಅವರ ಜೊತೆ ನಡೆಯುತ್ತಾಳೆ. ಒಂದು ಸುತ್ತು ಹಾಕಿ ಒಬ್ಬಳೇ ಮರಳುತ್ತಾಳೆ. ಕೆಲಸ ಮುಗಿಸಿ ಮನೆಗೆ ಹೋಗುವ ಸುಖ ತನಗೂ ಇದೆ ಅಂತ ಅನಿಸಿಕೊಳ್ಳಲು.

ಅವಳು ಪ್ರೀತಿಸಿದವನು ಇಪ್ಪತ್ತು ವರ್ಷದ ಹಿಂದೆ ಸನ್ಯಾಸಿಯಾಗಿ ಬೆಟ್ಟದ ದೇವಾಲಯ ಸೇರಿದ. ಸನ್ಯಾಸಿ ಗ್ಯೊಮ್‌ದೊಕ್ ಪಾತ್ರದಲ್ಲಿ ಪಾರ್ಕ್ ಹೇ-ಜೂನ್ ಇದ್ದಾರೆ. ಜಂಗ್‌ಹೀಯಾಗಿ ಓ ನಾ-ರಾ. ಮ್ಯೂಸಿಕಲ್ ರಂಗಭೂಮಿಯಿಂದ ಬಂದವರು. ಕುಣಿದು, ನಕ್ಕು, ಗಟ್ಟಿಯಾಗಿ ಹಾಡಿ ಬಾರ್ ತುಂಬುತ್ತಾರೆ. ಎಲ್ಲರೂ ಹೋದ ಮೇಲೆ ಬಟ್ಟೆ ಒಗೆಯುತ್ತಾ ತನ್ನೊಂದಿಗೇ ಮಾತಾಡುವಾಗ ಅದೇ ಮೈ ಎಷ್ಟು ಭಾರವಾಗಿ ಕಾಣುತ್ತದೆ ನೋಡಿ. ಡೊಂಗ್‌ಹೂನ್ ಸುಮ್ಮನಿದ್ದು ಬಚ್ಚಿಡುವುದನ್ನು ಇವಳು ಗದ್ದಲ ಮಾಡಿ ಬಚ್ಚಿಡುತ್ತಾಳೆ.

ದೊ ಜುನ್‌ಯಂಗ್ ಬರೀ ವಿಲನ್ನಾ?

ವಿಲನ್ ಹೌದು, ಆದರೆ ಹೆದರುಪುಕ್ಕಲ ವಿಲನ್. ಚಿಕ್ಕ ವಯಸ್ಸಿಗೆ ಮೇಲೇರಿದವನು. ಡೊಂಗ್‌ಹೂನ್ ತನ್ನನ್ನು ಒಳಗೊಳಗೇ ಕೀಳಾಗಿ ಕಾಣುತ್ತಾನೆ ಅಂತ ಕಾಲೇಜು ದಿನದಿಂದಲೂ ಅವನಿಗೆ ಅಳುಕು. ಆ ಅಳುಕೇ ಎಲ್ಲ ಮಾಡಿಸುತ್ತದೆ. ಕಿಮ್ ಯಂಗ್-ಮಿನ್ ಕಣ್ಣುರೆಪ್ಪೆಯಲ್ಲೇ ಭಯ ತೋರಿಸುತ್ತಾರೆ. ಇವರೇ ಮುಂದೆ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ನಲ್ಲಿ ಕದ್ದು ಕೇಳುವ ಉತ್ತರ ಕೊರಿಯಾದ ಸೈನಿಕನಾಗಿ, ನೋಡುವವರ ಕರುಳು ಹಿಂಡಿದರು. ಎರಡನ್ನೂ ನೋಡಿದರೆ ಈ ನಟನ ಹರವು ಅರ್ಥವಾಗುತ್ತದೆ.

ಕದ್ದು ಕೇಳಿದ್ದು ಅಪರಾಧ ಅಲ್ವಾ? ಡೊಂಗ್‌ಹೂನ್ ಅದನ್ನು ಹೇಗೆ ಕ್ಷಮಿಸಿದ?

ಅಪರಾಧವೇ. ಜಿಯಾನ್ ಅದಕ್ಕಾಗಿ ಓಡಿಹೋಗುತ್ತಾಳೆ, ಕೊನೆಗೆ ಪೊಲೀಸರ ಮುಂದೆ ನಿಲ್ಲುತ್ತಾಳೆ.

ವಿಷಯ ತಿಳಿದ ಡೊಂಗ್‌ಹೂನ್ ಮೊದಲು ಮಾಡುವ ಕೆಲಸ ಆ ಫೋನಿಗೇ ಮಾತಾಡುವುದು. ಜಿಯಾನ್, ನನಗೆ ಫೋನ್ ಮಾಡು, ಅಷ್ಟೇ. ಲೀ ಸನ್-ಕ್ಯುನ್ ಆ ಒಂದು ಸಾಲನ್ನು ಬೈಗುಳವೂ ಅಲ್ಲದೆ ಬೇಡಿಕೆಯೂ ಅಲ್ಲದೆ ಹೇಳುತ್ತಾರೆ. ಆಮೇಲೆ ಎದುರಾದಾಗ ಅವನು ಹೇಳುವುದರ ಸಾರ: ಒಬ್ಬ ಮನುಷ್ಯನನ್ನು ಪೂರ್ತಿ ತಿಳಿದ ಮೇಲೆ ಅವರು ಏನು ಮಾಡಿದರು ಅನ್ನುವುದು ಮುಖ್ಯವಾಗುವುದಿಲ್ಲ, ನಿನ್ನನ್ನು ನಾನು ಬಲ್ಲೆ. ತನ್ನ ಎಲ್ಲ ಅವಮಾನವನ್ನೂ ಕೇಳಿಸಿಕೊಂಡ ಒಬ್ಬಳು ತನ್ನನ್ನು ಕೀಳಾಗಿ ಕಾಣಲಿಲ್ಲ, ತನ್ನ ಕಡೆಗೇ ನಿಂತಳು ಅನ್ನುವುದು ಅವನಿಗೆ ಆಗಲೇ ಗೊತ್ತಾಗಿರುತ್ತದೆ. ಬಚ್ಚಿಡಲು ಅವಳ ಮುಂದೆ ಏನೂ ಉಳಿದಿಲ್ಲ. ಆ ಹಗುರವೇ ಕ್ಷಮೆ ಆಗಿದೆ ಅಂತ ನಾನು ಓದಿಕೊಂಡಿದ್ದೇನೆ.

ಮೊದಲ ಮೂರ್ನಾಲ್ಕು ಎಪಿಸೋಡ್ ತುಂಬಾ ಭಾರ. ಬಿಟ್ಟುಬಿಡಲಾ?

ಬಿಡಬೇಡಿ. ಐದನೆಯದನ್ನು ದಾಟಿ ನೋಡಿ. ಆಗಲೂ ಬೇಡ ಅನಿಸಿದರೆ ಒತ್ತಾಯ ಇಲ್ಲ.

ಪ್ರಶಸ್ತಿ ಬಂದಿದೆಯಾ?

2019ರ ಕೊರಿಯಾದ ಬೇಕ್‌ಸಾಂಗ್ ಆರ್ಟ್ಸ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಡ್ರಾಮಾ ಮತ್ತು ಅತ್ಯುತ್ತಮ ಬರವಣಿಗೆ, ಎರಡೂ. ಬ್ರೆಜಿಲ್‌ನ ಲೇಖಕ ಪಾಲೊ ಕೊಯೆಲೊ ಕೂಡ 2020ರಲ್ಲಿ ಟ್ವಿಟರ್‌ನಲ್ಲಿ ಹೊಗಳಿದ್ದರು.

ಅಜ್ಜಿಯ ಸಾವಿನ ಭಾಗದಲ್ಲಿ ಊರೆಲ್ಲ ಯಾಕೆ ಸೇರುತ್ತದೆ? ಸ್ವಲ್ಪ ಅತಿ ಅಲ್ವಾ?

ಜಿಯಾನ್‌ಗೆ ಅಜ್ಜಿ ಬಿಟ್ಟರೆ ಯಾರೂ ಇಲ್ಲ. ಕೊರಿಯಾದಲ್ಲಿ ಸಾವಿನ ಮನೆ ಅಂದರೆ ಆಸ್ಪತ್ರೆಯ ಪಕ್ಕದ ಹಾಲ್, ಹೂವಿನ ಹಾರಗಳು, ಬಂದವರಿಗೆಲ್ಲ ಊಟ. ಯಾರೂ ಬರದ ಹಾಲ್ ಎಷ್ಟು ಖಾಲಿ ಇರುತ್ತದೆ ಅಂತ ಊಹಿಸಿ. ಸಾಂಗ್‌ಹೂನ್ ತಾನು ಬಚ್ಚಿಟ್ಟು ಕೂಡಿಸಿದ್ದ ದುಡ್ಡನ್ನೆಲ್ಲ ಅದಕ್ಕೆ ಸುರಿಯುತ್ತಾನೆ. ಬೆಳಗ್ಗೆ ಫುಟ್‌ಬಾಲ್ ಆಡುವ ಕೇರಿಯ ಗೆಳೆಯರೆಲ್ಲ ಬರುತ್ತಾರೆ, ಉಣ್ಣುತ್ತಾರೆ, ಹೊರಗೆ ಚೆಂಡು ಒದೆಯುತ್ತಾರೆ ಕೂಡ.

ಬದುಕಿನಲ್ಲಿ ಒಮ್ಮೆಯಾದರೂ ತಲೆ ಎತ್ತಿ ನಿಲ್ಲುವ ಕೆಲಸ ಮಾಡಬೇಕು ಅನ್ನುವುದು ಸಾಂಗ್‌ಹೂನ್‌ನ ಆಸೆಯಾಗಿತ್ತು. ಮಂಡಿಯೂರಿದ ಅದೇ ಮನುಷ್ಯ ಇಲ್ಲಿ ಯಜಮಾನನಂತೆ ಓಡಾಡುತ್ತಾನೆ. ಪಾರ್ಕ್ ಹೋ-ಸಾನ್ ಬೆನ್ನು ನೆಟ್ಟಗಾಗಿರುವುದನ್ನು ಗಮನಿಸಿ. ಅತಿ ಅನಿಸಿದವರ ಮಾತು ನನಗೆ ಅರ್ಥವಾಗುತ್ತದೆ, ಆದರೆ ಡೊಂಗ್‌ಹೂನ್ ಅಂದು ಕೊಟ್ಟ ಮಾತು ಇಲ್ಲಿ ನಡೆಯಲೇಬೇಕಿತ್ತು.

ಅಜ್ಜಿಯಾಗಿರುವುದು ಹಿರಿಯ ನಟಿ ಸೋನ್ ಸೂಕ್. ಇಡೀ ಡ್ರಾಮಾದಲ್ಲಿ ಕೈಸನ್ನೆ ಮತ್ತು ಮುಖ ಮಾತ್ರ. ಬೆನ್ನ ಮೇಲೆ ಹೊತ್ತ ಮನುಷ್ಯ ಒಳ್ಳೆಯವನು ಅಂತ ಮೊದಲು ಕಂಡುಹಿಡಿಯುವುದು ಅವಳೇ.

ಕೊನೆಯಲ್ಲಿ ಅವರು ಒಂದಾಗಲಿಲ್ಲ ಯಾಕೆ?

ಒಂದಾಗಬೇಕಾದ ಕಥೆ ಇದಾಗಿರಲಿಲ್ಲ. ಕಂಪನಿಯ ಚೇರ್ಮನ್ ನೆರವಿನಿಂದ ಅವಳು ಬುಸಾನ್‌ಗೆ ಹೋಗಿ ಹೊಸ ಕೆಲಸ ಹಿಡಿಯುತ್ತಾಳೆ. ಯೂನ್‌ಹೀ ಮಗನ ಹತ್ತಿರ ಹೋಗುತ್ತಾಳೆ. ಡೊಂಗ್‌ಹೂನ್ ಮನೆಯಲ್ಲಿ ಒಬ್ಬನೇ ಕೂತು, ಅಷ್ಟು ದಿನದ ಅಳುವನ್ನೆಲ್ಲ ಅಳುತ್ತಾನೆ. ಯಾರಿಂದಲೂ ಬಚ್ಚಿಡಬೇಕಿಲ್ಲದ ಅಳು ಅದು. ಲೀ ಸನ್-ಕ್ಯುನ್ ಅವರ ಅತ್ಯುತ್ತಮ ಅಭಿನಯ ಯಾವುದು ಅಂತ ಕೇಳಿದರೆ ನಾನು ತೋರಿಸುವುದು ಇದನ್ನೇ, ‘ಪ್ಯಾರಸೈಟ್’ ಸಿನಿಮಾವನ್ನಲ್ಲ.

ಎಷ್ಟೋ ಕಾಲದ ಮೇಲೆ ಇಬ್ಬರೂ ಸೋಲ್‌ನಲ್ಲಿ ಆಕಸ್ಮಿಕವಾಗಿ ಸಿಗುತ್ತಾರೆ. ಅವಳು ನಗುತ್ತಿದ್ದಾಳೆ, ಜೊತೆಗೆ ಕೆಲಸದವರಿದ್ದಾರೆ. ಅವನು ಸ್ವಂತ ಕಂಪನಿ ನಡೆಸುತ್ತಿದ್ದಾನೆ. ಕೈಕುಲುಕಿ ತಂತಮ್ಮ ದಾರಿ ಹಿಡಿಯುತ್ತಾರೆ.

ಲೀ ಸನ್-ಕ್ಯುನ್ ಈಗಿಲ್ಲ ಅಂತ ಗೊತ್ತಾದ ಮೇಲೆ ನೋಡಲು ಆಗುತ್ತಿಲ್ಲ.

ಅವರು 2023ರ ಡಿಸೆಂಬರ್ 27ರಂದು ತೀರಿಕೊಂಡರು. ಆ ಸುದ್ದಿಯ ನಂತರ ಈ ಡ್ರಾಮಾ ನೋಡುವುದು ನಿಜಕ್ಕೂ ಕಷ್ಟ. ಡೊಂಗ್‌ಹೂನ್‌ನ ದಣಿವನ್ನು ಆ ನಟನ ದಣಿವು ಅಂತ ಓದುವುದು ಮಾತ್ರ ಬೇಡ. ಅದು ಅವರ ಕಸುಬಿಗೆ ಮಾಡುವ ಅನ್ಯಾಯ. ಕೊರಿಯಾದ ರಾಷ್ಟ್ರೀಯ ಕಲಾ ವಿಶ್ವವಿದ್ಯಾಲಯದಲ್ಲಿ ನಾಟಕ ಕಲಿತು ಬಂದವರು ಅವರು. ಆ ನಿಟ್ಟುಸಿರುಗಳನ್ನೆಲ್ಲ ಯೋಚಿಸಿ, ಆರಿಸಿ, ಬೇಕಾದ ಜಾಗದಲ್ಲಿ ಇಟ್ಟಿದ್ದಾರೆ. ಮನಸ್ಸು ಒಪ್ಪುವವರೆಗೆ ಕಾಯಿರಿ, ಡ್ರಾಮಾ ಎಲ್ಲಿಗೂ ಹೋಗುವುದಿಲ್ಲ.

ಇದಾದ ಮೇಲೆ ಏನು ನೋಡಲಿ?

ಇದೇ ಲೇಖಕಿಯ ‘ಮೈ ಲಿಬರೇಷನ್ ನೋಟ್ಸ್’, 2022ರದು. ಅಲ್ಲಿಯೂ ಬಾಯಿಬಿಡದ ಜನರೇ. ಇದೇ ನಿರ್ದೇಶಕರ ‘ಮಿಸೇಂಗ್’, 2014ರದು, ಆಫೀಸಿನ ಕಥೆ. 2025ರಲ್ಲಿ ಕಿಮ್ ವೊನ್-ಸೊಕ್ ಮತ್ತು ಐಯು ಮತ್ತೆ ಒಟ್ಟಾಗಿ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’ ಮಾಡಿದರು. ಇಲ್ಲಿ ಸನ್ಯಾಸಿಯಾಗಿದ್ದ ಪಾರ್ಕ್ ಹೇ-ಜೂನ್ ಅದರಲ್ಲಿ ವಯಸ್ಸಾದ ಗಂಡನಾಗಿದ್ದಾರೆ. ನಾನಾದರೆ ಮೊದಲು ‘ಮಿಸೇಂಗ್’ ನೋಡಿ ಅನ್ನುತ್ತೇನೆ.